ಏಳನೆಯವಳ ಬೆನ್ನು

ಕಳೆದ ವರ್ಷ ನಾಲ್ಕು ತಿಂಗಳು ಜಪಾನಿನ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ಕುತ್ತಿಗೆಗೆ ನೇತುಹಾಕಿಕೊಳ್ಳುವ ಚೀಟಿಯಲ್ಲಿ 'ಸಂದರ್ಶಕ ಸಂಶೋಧಕಿ' ಎಂದಿತ್ತು. ಹೊರಡುವ ವಾರ ನನ್ನಿಂದ ಒಂದು ಉಪನ್ಯಾಸ ಕೊಡಿಸಿದರು. ಮನುಷ್ಯಾಕೃತಿಯ ರೋಬೋಟುಗಳಿಗೆ ಬೇಕಾದ ಮನುಷ್ಯ ಮಾದರಿ ಎಂಬುದು ವಿಷಯ. ಮನುಷ್ಯನ ದೇಹ ಹೇಗೆ ಬಾಗುತ್ತದೆ, ಏಳುತ್ತದೆ, ಭಾರ ಎತ್ತುತ್ತದೆ ಎಂಬುದನ್ನು ಗಣಿತದಲ್ಲಿ ಬರೆದು ಯಂತ್ರಕ್ಕೆ ಕಲಿಸುವ ಕೆಲಸ ಅದು. ಪರದೆಯ ಮೇಲೆ ಕಡ್ಡಿಗಳಿಂದ ಮಾಡಿದ ಒಂದು ಆಕೃತಿ ನಡು ಬಗ್ಗಿಸಿ ನೆಲದಿಂದ ಏನನ್ನೋ ಕೀಳುತ್ತಿತ್ತು. ಕೀಳುತ್ತಿದ್ದದ್ದು ಕಡ್ಲೆಕಾಯಿ ಗಿಡ. ಗಿಡ ಕಾಣುತ್ತಿರಲಿಲ್ಲ, ಹೊಲ ಕಾಣುತ್ತಿರಲಿಲ್ಲ, ಸೀರೆಯೂ ಇರಲಿಲ್ಲ. ಬರೀ ಕೀಲುಗಳು, ಅವುಗಳ ನಡುವಿನ ಗೆರೆಗಳು.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ಕೈ ಎತ್ತಿದರು. ಫಿಲ್ಟರಿನ ಬಗ್ಗೆ ಕೇಳುತ್ತಾರೆ ಅಂದುಕೊಂಡೆ.

"ಈ ಚಲನೆ ಯಾರದು?"

"ಏಳನೆಯ ಪಾತ್ರಧಾರಿಯದು. ಹೆಂಗಸು, ಐವತ್ತೆಂಟು ವರ್ಷ, ನಲವತ್ತನಾಲ್ಕು ಕಿಲೋ."

"ಅದಲ್ಲ. ಯಾರದು?"

ಗುರುತು ಹೇಳುವಂತಿಲ್ಲ, ನೀತಿಸಂಹಿತೆ ಇದೆ ಎಂದೆ. ಅವರು ತಲೆದೂಗಿ, ಹಿಂದೊಮ್ಮೆ ತಾವು ಒಬ್ಬ ನೃತ್ಯಗಾರ್ತಿಯ ಚಲನೆಯನ್ನು ದಾಖಲಿಸಿದ್ದಾಗಿಯೂ ಪ್ರಬಂಧದ ಮೊದಲ ಪುಟದಲ್ಲೇ ಆಕೆಯ ಹೆಸರು ಹಾಕಿದ್ದಾಗಿಯೂ ಹೇಳಿದರು. ಆಕ್ಷೇಪಣೆಯ ಧ್ವನಿಯೇನೂ ಅಲ್ಲ. ನೆನಪಾಗಿ ಹೇಳಿದ ಹಾಗಿತ್ತು. ನಂತರ ಎಲ್ಲರೂ ಊಟಕ್ಕೆ ಹೋದೆವು. ನನಗೆ ಮಾತ್ರ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡೆ. ಪ್ರಶ್ನೆ ಕಾಡಿದ್ದು ವಿಮಾನದಲ್ಲಿ, ಮತ್ತೆ ಬೆಂಗಳೂರಿಗೆ ಬಂದ ಮೇಲೆ.

ಏಳನೆಯವಳು ಕೊಡಿಗೇನಹಳ್ಳಿಯವಳು. ಮಧುಗಿರಿ ತಾಲ್ಲೂಕಿನ ಅಂಚಿನ ಹೋಬಳಿ ಅದು. ಆಂಧ್ರದ ಹಿಂದೂಪುರದ ಸಂತೆ ನಮಗೆ ತುಮಕೂರಿಗಿಂತ ಹತ್ತಿರ, ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಜಗಳದಲ್ಲಿ ಎರಡೂ. ದೇವರಾಯನದುರ್ಗದ ಕಡೆಯಿಂದ ಬರುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಗಳನ್ನು ದಾಟಿ ಆ ಕಡೆಗೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ನದಿ ಎನ್ನುವುದಕ್ಕಿಂತ ಮರಳು ಎನ್ನಬೇಕು. ಹತ್ತಿರದ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ, 2007ರಲ್ಲಿ ಅದನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿದರು. ನನ್ನ ಅಜ್ಜಿಯ ಊರು ಇದು. ನನ್ನ ಸಂಶೋಧನೆಗೆ ಬೇಕಿದ್ದದ್ದು ಬಗ್ಗಿ ಕೆಲಸ ಮಾಡುವ ದೇಹಗಳು. ಜಗತ್ತಿನ ದತ್ತಾಂಶ ಭಂಡಾರಗಳಲ್ಲಿ ನಡೆಯುವವರು, ಓಡುವವರು, ನೆಗೆಯುವವರು, ಕುಣಿಯುವವರು ಧಾರಾಳವಾಗಿ ಸಿಗುತ್ತಾರೆ. ದಿನಕ್ಕೆ ಏಳು ಗಂಟೆ ಬಗ್ಗಿಯೇ ಇರುವವರು ಸಿಗುವುದಿಲ್ಲ. ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿತ್ತು.

ಹದಿನೇಳು ಸಂವೇದಕಗಳಿರುವ ಪಟ್ಟಿಗಳನ್ನು ಒಂದು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಕಾರ್ತೀಕದ ಹೊತ್ತಿಗೆ ಊರಿಗೆ ಹೋದೆ. ಹನ್ನೊಂದು ಜನ ಒಪ್ಪಿದರು. ತೊಡೆಗೆ ಪಟ್ಟಿ ಕಟ್ಟಬೇಕು, ಸೀರೆಯ ಮೇಲೆ ಕಟ್ಟಿದರೆ ಜಾರುತ್ತದೆ. ಹೆಣ್ಣಾದ್ದರಿಂದ ಕೇಳುವ ಧೈರ್ಯವಾದರೂ ಇತ್ತು. ಅವರೇ ಉಪಾಯ ಹುಡುಕಿದರು: ಒಳಗೆ ಮಗನದೋ ಮೊಮ್ಮಗನದೋ ಟ್ರ್ಯಾಕ್ ಪ್ಯಾಂಟು, ಮೇಲೆ ಮಂಡಿವರೆಗೆ ಎತ್ತಿ ಸಿಕ್ಕಿಸಿದ ಸೀರೆ, ಅದರ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಅದರ ಮೇಲೆ ನನ್ನ ಪಟ್ಟಿಗಳು. ಒಬ್ಬರನ್ನೊಬ್ಬರು ನೋಡಿ ನಕ್ಕು ನಕ್ಕು ಅರ್ಧ ಗಂಟೆ ಹೋಯಿತು.

ತೊಂದರೆ ಬಂದದ್ದು ಕೆಲಸದಲ್ಲಿ ಅಲ್ಲ, ಅದಕ್ಕೂ ಮೊದಲು. ಯಂತ್ರ ಅಳೆಯಲು ಶುರು ಮಾಡುವ ಮುನ್ನ ವ್ಯಕ್ತಿ ನೆಟ್ಟಗೆ ನಿಲ್ಲಬೇಕು. ಕಾಲು ಜೋಡಿಸಿ, ಕೈ ಪಕ್ಕಕ್ಕೆ ಬಿಟ್ಟು, ಬೆನ್ನು ನೇರ, ದೃಷ್ಟಿ ಮುಂದೆ. ಶಾಲೆಯ 'ಸಾವಧಾನ್' ಇದ್ದ ಹಾಗೆ. ಆ ಭಂಗಿಯೇ ಸೊನ್ನೆ. ಅಲ್ಲಿಂದ ಎಷ್ಟು ಡಿಗ್ರಿ ಬಾಗಿದ್ದಾರೆ ಎಂಬುದನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಏಳನೆಯವಳ ಬೆನ್ನು ನೆಟ್ಟಗಾಗುವುದಿಲ್ಲ. ಮೂರು ಸಲ ನಿಲ್ಲಿಸಿದೆ, ಮೂರು ಸಲವೂ 'ಅಳತೆ ತೃಪ್ತಿಕರವಾಗಿಲ್ಲ' ಎಂದು ಪರದೆ ಕೆಂಪಾಯಿತು. "ಏನಂತೆ ಅದು?" ಎಂದು ಕೇಳಿದಳು. ಇನ್ನೂ ಸ್ವಲ್ಪ ನೆಟ್ಟಗೆ ನಿಲ್ಲಬೇಕಂತೆ ಎಂದೆ. "ನಿಂತಿದ್ದೀನಲ್ಲವ್ವ, ಇದೇ ನೆಟ್ಟಗೆ."

ಆಗ ನಾನು ಮಾಡಿದ್ದು ಒಂದು ಸಣ್ಣ ತಿದ್ದುಪಡಿ. ಅವಳ ಬಾಗಿದ ಬೆನ್ನನ್ನೇ ನೇರ ಎಂದು ಒಪ್ಪಿಕೊಳ್ಳುವಂತೆ ತಂತ್ರಾಂಶಕ್ಕೆ ಹೇಳಿ, ಮುಂದೆ ಅಷ್ಟು ಡಿಗ್ರಿಗಳನ್ನು ಲೆಕ್ಕದಲ್ಲಿ ಸೇರಿಸಿಕೊಂಡೆ. ತಾಂತ್ರಿಕವಾಗಿ ಸರಿ. ಆದರೆ ಸೊನ್ನೆ ಎಂಬುದು ಯಾರದೋ ಬೆನ್ನು ಎಂದು ನನಗೆ ಮೊದಲು ಹೊಳೆದದ್ದು ಅಲ್ಲಿ. ಇನ್ನೊಂದು ತಮಾಷೆಯೆಂದರೆ ಈ ಸೊನ್ನೆಯ ಭಂಗಿ ರೋಬೋಟುಗಳಿಗೇ ಆಗಿಬರುವುದಿಲ್ಲ. ಹೋಂಡಾ ಕಂಪನಿ 2000ದಲ್ಲಿ ತೋರಿಸಿದ ಅಸಿಮೋದ ವಿಡಿಯೋ ನೋಡಿ, ಮಂಡಿ ಮಡಿಸಿಕೊಂಡೇ ನಡೆಯುತ್ತದೆ. ಕಾಲು ಪೂರ್ತಿ ಚಾಚಿದ ಕ್ಷಣದಲ್ಲಿ ಗಣಿತದ ಸಮೀಕರಣ ಕೈಕೊಡುತ್ತದೆ, ಹಾಗಾಗಿ ಇಂಥ ಬಹಳಷ್ಟು ರೋಬೋಟುಗಳನ್ನು ಅರೆ ಕುಕ್ಕರುಗಾಲಿನಲ್ಲೇ ನಡೆಸುತ್ತಾರೆ. ಯಂತ್ರಕ್ಕೆ ಸಿಗುವ ಈ ರಿಯಾಯಿತಿ ಏಳನೆಯವಳಿಗೆ ಸಿಗಲಿಲ್ಲ.

'ಮಾದರಿ' ಎಂಬ ನಮ್ಮ ಪದದ ಬಗ್ಗೆ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಅದಕ್ಕೆ ಎರಡು ಮುಖಗಳಿವೆ. ಅಂಗಡಿಯವನು ಬಟ್ಟೆಯ ತುಂಡು ತೋರಿಸಿ 'ಇದೇ ಮಾದರಿಯದು' ಎಂದರೆ ಅದು ಬರೀ ನಮೂನೆ. 'ಮಾದರಿ ರೈತ', 'ಮಾದರಿ ಶಾಲೆ' ಎಂದರೆ ಅದು ಮೆಚ್ಚುಗೆ, ಉಳಿದವರೆಲ್ಲ ಹೀಗಿರಬೇಕು ಎಂಬ ಹುಕುಂ. ಮನುಷ್ಯ ಮಾದರಿ ಎಂದು ನನ್ನ ಪ್ರಬಂಧದ ಕನ್ನಡ ಸಾರಾಂಶದಲ್ಲಿ ಬರೆಯುವಾಗ ನಾನು ಮೊದಲ ಅರ್ಥದಲ್ಲಿಯೇ ಬರೆದಿದ್ದೆ. ಪದ ಎರಡನೆಯದನ್ನೂ ಬಿಡದೆ ಜೊತೆಗೆ ಕರೆತಂದಿತು. ಪರದೆ ಕೆಂಪಾದದ್ದು ಆ ಎರಡನೆಯ ಅರ್ಥದಲ್ಲಿ.

ಹಾಗಾದರೆ ಈ ಮಾದರಿ ಮನುಷ್ಯ ಯಾರು? ಇದಕ್ಕೆ ನಿಖರವಾದ ಉತ್ತರವಿದೆ, ಅದೇ ನನಗೆ ಅಚ್ಚರಿ. ಒಂದು ದೇಹ ಬಗ್ಗಿದಾಗ ಸೊಂಟದ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಹೇಳಲು ತಲೆ ಎಷ್ಟು ತೂಗುತ್ತದೆ, ತೋಳು ಎಷ್ಟು, ತೊಡೆ ಎಷ್ಟು ಎಂದು ತಿಳಿದಿರಬೇಕು. ಬದುಕಿರುವವರ ತೊಡೆಯನ್ನು ಬೇರ್ಪಡಿಸಿ ತೂಗುವಂತಿಲ್ಲ. ಆದ್ದರಿಂದ ಸತ್ತವರನ್ನು ತೂಗಿದರು. 1860ರಲ್ಲಿ ಜರ್ಮನಿಯ ಹಾರ್ಲೆಸ್ ಎಂಬಾತ ಕೊನೆಗೆ ಉಳಿಸಿಕೊಂಡ ಅಂಕಿಗಳು ಮರಣದಂಡನೆಗೆ ಗುರಿಯಾದ ಇಬ್ಬರು ಗಂಡಸರ ದೇಹಗಳವು. 1955ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಡೆಂಪ್ಸ್ಟರ್ ಅಮೆರಿಕದ ವಾಯುಪಡೆಗಾಗಿ ಒಂದು ವರದಿ ಬರೆದರು. ಕೂತು ಯಂತ್ರ ನಡೆಸುವವನಿಗೆ ಎಷ್ಟು ಜಾಗ ಬೇಕು ಎಂಬುದು ಪ್ರಶ್ನೆ. ಅದಕ್ಕಾಗಿ ಅವರು ಭಾಗ ಮಾಡಿ ತೂಗಿದ್ದು ಎಂಟು ಶವಗಳನ್ನು. ಎಲ್ಲರೂ ಗಂಡಸರು, 52ರಿಂದ 83 ವರ್ಷದೊಳಗಿನವರು. ಆ ಎಂಟು ಜನರ ಅಂಕಿಗಳು ಪಠ್ಯಪುಸ್ತಕಗಳನ್ನು ಸೇರಿದವು, ಇವತ್ತಿಗೂ ಸೇರಿಯೇ ಇವೆ. ನನ್ನ ಮೊದಲ ವರ್ಷದ ಮನೆಗೆಲಸವೂ ಅದೇ ಪಟ್ಟಿಯಿಂದ ಮಾಡಿದ್ದು.

ಆಮೇಲೆ ಸೋವಿಯತ್ ಒಕ್ಕೂಟದಲ್ಲಿ ಜಾಟ್ಸಿಯೋರ್ಸ್ಕಿ ಮತ್ತು ಸಂಗಡಿಗರು ಗಾಮಾ ಕಿರಣ ಹಾಯಿಸಿ ಬದುಕಿರುವವರನ್ನೇ ಅಳೆದರು. 1996ರಲ್ಲಿ ಡಿ ಲೇವಾ ಎಂಬಾತ ಅವನ್ನು ತಿದ್ದಿ ಬಳಕೆಗೆ ಅನುಕೂಲವಾಗುವಂತೆ ಪ್ರಕಟಿಸಿದ. ಅದರಲ್ಲಿ ನೂರು ಯುವಕರು, ಹದಿನೈದು ಯುವತಿಯರು. ಆ ಹದಿನೈದು ಹುಡುಗಿಯರ ಸರಾಸರಿ ವಯಸ್ಸು 19, ಸರಾಸರಿ ಎತ್ತರ 173.5 ಸೆಂಟಿಮೀಟರ್, ತೂಕ 61.9 ಕಿಲೋ. ಡೆಂಪ್ಸ್ಟರ್ ಪಟ್ಟಿಯ ಪ್ರಕಾರ ಒಂದು ತೊಡೆ ಎಂದರೆ ದೇಹದ ತೂಕದ 10 ಪಾಲು, ನೂರರಲ್ಲಿ. ಡಿ ಲೇವಾ ಪ್ರಕಾರ ಹೆಂಗಸಿನ ತೊಡೆ 14.78. ಏಳನೆಯವಳ ನಲವತ್ತನಾಲ್ಕು ಕಿಲೋಗೆ ಅನ್ವಯಿಸಿದರೆ ಒಂದು ಪಟ್ಟಿಯಲ್ಲಿ ಅವಳ ತೊಡೆ 4.4 ಕಿಲೋ, ಇನ್ನೊಂದರಲ್ಲಿ 6.5. ಎರಡು ಕಿಲೋ ವ್ಯತ್ಯಾಸ, ಅದೂ ಒಂದೇ ಕಾಲಿಗೆ. ತೊಡೆ ಎಲ್ಲಿ ಮುಗಿದು ಸೊಂಟ ಎಲ್ಲಿ ಶುರುವಾಗುತ್ತದೆ, ಕೊಯ್ತ ಎಲ್ಲಿ ಹಾಕಬೇಕು ಎಂಬುದರ ಮೇಲೂ ಇದು ನಿಂತಿದೆ, ಸರಿ. ಆದರೆ ಕೊಯ್ತ ಎಲ್ಲಿ ಎಂದು ತೀರ್ಮಾನಿಸಿದವರಾರೂ ಅವಳನ್ನು ನೋಡಿರಲಿಲ್ಲ. ಮುದಿ ಅಮೆರಿಕನ್ನರ ಶವಗಳೋ ಹತ್ತೊಂಬತ್ತರ ರಷ್ಯನ್ ಹುಡುಗಿಯರೋ, ಇಬ್ಬರಲ್ಲಿ ಯಾರ ತೊಡೆಯನ್ನು ಅವಳಿಗೆ ಅಂಟಿಸಲಿ ಎಂಬುದಷ್ಟೇ ನನ್ನ ಆಯ್ಕೆ. ಹುಡುಗಿಯರದ್ದನ್ನು ಆರಿಸಿದೆ.

ಇದು ಹಳೆಯ ಕಾಲದ ಬಡತನ ಎನ್ನುವಂತಿಲ್ಲ. ಇವತ್ತು ಮನುಷ್ಯಾಕೃತಿಯ ರೋಬೋಟುಗಳಿಗೆ ಚಲನೆ ಕಲಿಸುವವರು ಹೆಚ್ಚಾಗಿ ಬಳಸುವ ದೇಹದ ಗಣಿತರೂಪವೊಂದು ಜರ್ಮನಿಯ ಮಾಕ್ಸ್ ಪ್ಲಾಂಕ್ ಸಂಸ್ಥೆಯಿಂದ 2015ರಲ್ಲಿ ಬಂದದ್ದು, ಎಸ್‌ಎಂಪಿಎಲ್ ಎಂದು ಹೆಸರು. ಅದಕ್ಕೆ ದೇಹದ ಆಕಾರಗಳನ್ನು ಕಲಿಸಿದ್ದು ಸಾವಿರಾರು ಜನರ ಸ್ಕ್ಯಾನುಗಳಿಂದ. ಆ ಜನ ಅಮೆರಿಕ ಮತ್ತು ಯೂರೋಪಿನವರು. ಭಾರತೀಯರ ಅಳತೆಗಳೇ ಇಲ್ಲವೆಂದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ದೇಬಕುಮಾರ್ ಚಕ್ರವರ್ತಿಯವರ ಒಂದು ಉಪಯುಕ್ತ ಪುಸ್ತಕ ತಂದಿದೆ, ನಮ್ಮ ಪ್ರಯೋಗಾಲಯದಲ್ಲಿ ಅದರ ಬೆನ್ನು ಕಿತ್ತುಹೋಗುವಷ್ಟು ಬಳಸಿದ್ದೇವೆ. ಆದರೆ ಪುಸ್ತಕದ ಅಂಕಿ ಬೇರೆ, ಪರದೆಯ ಮೇಲೆ ಎದ್ದು ಓಡಾಡುವ ದೇಹ ಬೇರೆ.

ಕೊಡಿಗೇನಹಳ್ಳಿಯ ಮೊದಲ ಮನುಷ್ಯಾಕೃತಿ ಎಂದರೆ ಬೆರ್ಚಪ್ಪ. ಎರಡು ಕೋಲು, ಮೇಲೊಂದು ಮಡಕೆ, ತಾತನ ಹಳೆಯ ಅಂಗಿ. ಮನುಷ್ಯನ ಮಾದರಿಯಾಗಿ ಇದು ತೀರಾ ಬಡಕಲು, ಆದರೂ ಕಾಗೆಗೆ ಸಾಕು. ಮೈದನಹಳ್ಳಿ ಕಡೆಯಿಂದ ಬರುವ ಜಿಂಕೆಗಳಿಗೆ ಸಾಲದು, ಅವು ಎರಡನೇ ದಿನವೇ ಅದರ ಪಕ್ಕ ಮೇಯುತ್ತವೆ. ಮಾದರಿ ಎಷ್ಟು ನಿಜವಾಗಿರಬೇಕು ಎಂಬುದನ್ನು ಅದು ಯಾರಿಗಾಗಿ ಎಂಬ ಪ್ರಶ್ನೆಯೇ ತೀರ್ಮಾನಿಸುತ್ತದೆ ಎಂದು ನಾನು ತರಗತಿಯಲ್ಲಿ ಹೇಳುವಾಗ ಬೆರ್ಚಪ್ಪನನ್ನೇ ಉದಾಹರಿಸುತ್ತೇನೆ. ಕಾರಿನ ಅಪಘಾತ ಪರೀಕ್ಷೆಯ ಗೊಂಬೆಗೆ ಮುಖಭಾವ ಬೇಡ, ಎದೆಗೂಡು ಬೇಕು. ಇಸ್ರೋ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರಳಿಗೆ ಕಾಲುಗಳೇ ಇರಲಿಲ್ಲ. ಗಗನಯಾನದ ಮಾನವರಹಿತ ಹಾರಾಟದಲ್ಲಿ ಕೂರಬೇಕು, ಫಲಕ ಓದಬೇಕು, ಗುಂಡಿ ಒತ್ತಬೇಕು, ಮಾತಾಡಬೇಕು. ಕಾಲು ಯಾಕೆ? ಇಷ್ಟರವರೆಗೆ ಒಪ್ಪುತ್ತೇನೆ. ಹೆಣ್ಣಿನ ಮುಖ ಯಾಕೆ ಎಂಬುದಕ್ಕೆ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. 2024ರ ಫೆಬ್ರವರಿಯಲ್ಲಿ ಆ ಯಾನಕ್ಕೆ ಆಯ್ಕೆಯಾದವರೆಂದು ಹೆಸರಿಸಿದ ನಾಲ್ವರೂ ಗಂಡಸರು. ಅವರಿಗಿಂತ ಮೊದಲು ಹೋಗಿ, ಏನಾಗುತ್ತದೋ ನೋಡಿಕೊಂಡು ಬರಬೇಕಾದವಳಿಗೆ ಮಾತ್ರ ಹೆಣ್ಣುರೂಪ. ಇದನ್ನು ಅತಿಯಾಗಿ ಎಳೆಯುವುದಿಲ್ಲ, ಕಣ್ಣಿಗೆ ಬಿತ್ತು, ಬರೆದೆ.

ಆ ಪ್ರಾಧ್ಯಾಪಕರ ಪ್ರಶ್ನೆಗೆ ಮರಳುತ್ತೇನೆ. ಚಲನೆ ಯಾರದು? ಮೊದಲಿಗೆ ನನಗನ್ನಿಸಿದ್ದು, ಯಾರದೂ ಅಲ್ಲ. ಗಿಡ ಕೀಳುವುದನ್ನು ಏಳನೆಯವಳು ಕಂಡುಹಿಡಿಯಲಿಲ್ಲ. ಅವಳ ಅವ್ವನನ್ನು ನೋಡಿ ಕಲಿತಳು, ಅವಳ ಅವ್ವ ಇನ್ನಾರನ್ನೋ. ನಡಿಗೆಗೆ ಒಡೆತನವಿದ್ದರೆ ನಾವೆಲ್ಲ ಅಪ್ಪನಿಗೋ ತಾತನಿಗೋ ಬಾಕಿದಾರರೇ. ಆದರೆ ಈ ವಾದವನ್ನು ನೃತ್ಯಕ್ಕೆ ಯಾಕೆ ಹೂಡುವುದಿಲ್ಲ? ಟೋಕಿಯೋ ವಿಶ್ವವಿದ್ಯಾಲಯದ ಇಕೆಯುಚಿ ಅವರ ಬಳಗ ಎಚ್‌ಆರ್‌ಪಿ–2 ಎಂಬ ರೋಬೋಟಿಗೆ 'ಐಜು ಬಂದೈಸಾನ್' ಎಂಬ ಜಾನಪದ ಕುಣಿತ ಕಲಿಸಿತು. ಕುಣಿಯುವವರ ಚಲನೆಯನ್ನು ದಾಖಲಿಸಿ, ಅದರಲ್ಲಿ ಮುಖ್ಯವಾದ ಭಂಗಿಗಳನ್ನು ಹೆಕ್ಕಿ, ಯಂತ್ರ ಬೀಳದಂತೆ ಹೊಂದಿಸಿ. ಅದೂ ತಲೆಮಾರಿನಿಂದ ತಲೆಮಾರಿಗೆ ನೋಡಿ ಕಲಿತದ್ದೇ. ಆದರೆ ಅದನ್ನು ಪರಂಪರೆ ಎನ್ನುತ್ತೇವೆ, ಅಳಿಯದಂತೆ ಉಳಿಸಬೇಕು ಎನ್ನುತ್ತೇವೆ. ನಮ್ಮ ಕಡೆಯ ಮೂಡಲಪಾಯದ ಭಾಗವತರ ತಾಳವನ್ನೋ ವೇಷಧಾರಿಯ ಹೆಜ್ಜೆಯನ್ನೋ ದಾಖಲಿಸಲು ಹೋದರೆ ಶಾಲು ತೆಗೆದುಕೊಂಡು ಹೋಗುತ್ತೇವೆ. ಏಳನೆಯವಳ ಬಳಿ ನಾನು ಒಯ್ದದ್ದು ಒಪ್ಪಿಗೆ ಪತ್ರ. ಕುಣಿದರೆ ಕೃತಿ, ದುಡಿದರೆ ದತ್ತಾಂಶ.

ಕಾನೂನು ಏನು ಹೇಳುತ್ತದೆಂದು ನೋಡಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಿದ್ದುಪಡಿಯಾಗಿ ಪ್ರದರ್ಶಕರ ಹಕ್ಕು ಎಂಬುದು ಸೇರಿತು. ಪ್ರದರ್ಶಕರೆಂದರೆ ಯಾರು ಎಂಬುದಕ್ಕೆ ಅಲ್ಲಿ ಚೆಂದದ ಪಟ್ಟಿಯಿದೆ: ನಟರು, ಗಾಯಕರು, ವಾದಕರು, ನರ್ತಕರು, ದೊಂಬರಾಟದವರು, ಕೈಚಳಕದವರು, ಇಂದ್ರಜಾಲದವರು, ಹಾವಾಡಿಗರು, ಮತ್ತೆ ಉಪನ್ಯಾಸ ನೀಡುವವರು. ಓದಿ ಪುಸ್ತಕ ಮುಚ್ಚಿಟ್ಟೆ. ಈ ಕಾಯ್ದೆಯ ಕಣ್ಣಿನಲ್ಲಿ, ಪರದೆಯ ಪಕ್ಕ ನಿಂತು ಕಡ್ಡಿ ತೋರಿಸುತ್ತಿದ್ದ ನಾನು ಪ್ರದರ್ಶಕಿ. ನನ್ನ ಅನುಮತಿಯಿಲ್ಲದೆ ಅಂಥ ನನ್ನ ಉಪನ್ಯಾಸವನ್ನು ದಾಖಲಿಸುವಂತಿಲ್ಲ, ಐವತ್ತು ವರ್ಷ ರಕ್ಷಣೆ. ಪರದೆಯ ಮೇಲೆ ಬಗ್ಗಿ ದುಡಿಯುತ್ತಿದ್ದವಳು ಪಟ್ಟಿಯಲ್ಲಿಲ್ಲ. ಪಟ್ಟಿಯ ಕೊನೆಗೆ 'ಪ್ರದರ್ಶನ ನೀಡುವ ಇತರ ಯಾರೇ ಆಗಲಿ' ಎಂಬ ಬಾಲವಿದೆ. ಅದನ್ನು ಹಿಡಿದು ಅವಳನ್ನೂ ಒಳಗೆ ಎಳೆಯಬಹುದೇ ಎಂದು ವಕೀಲ ಗೆಳೆಯನನ್ನು ಕೇಳಿದೆ. "ಅವಳು ಗಿಡ ಕಿತ್ತದ್ದು ಪ್ರದರ್ಶನ ಅಂತ ಮೊದಲು ಸಾಬೀತು ಮಾಡು, ಆಮೇಲೆ ನೋಡೋಣ" ಎಂದು ನಕ್ಕ. ಅವನ ನಗುವಿನಲ್ಲಿ ತಪ್ಪಿಲ್ಲ. ಯಾರೂ ನೋಡಲೆಂದು ಮಾಡದ ಕೆಲಸವೇ ದುಡಿಮೆ, ನೋಡುವವರಿದ್ದರೆ ಮಾತ್ರ ಅದು ಪ್ರದರ್ಶನ. ಆದರೆ ನಾನು ನೋಡುತ್ತಿದ್ದೆನಲ್ಲ? ಹದಿನೇಳು ಸಂವೇದಕಗಳಿಂದ, ಸೆಕೆಂಡಿಗೆ ಅರವತ್ತು ಸಲ.

ಕೂಲಿಯ ವಿಷಯ ಇನ್ನೂ ಇಕ್ಕಟ್ಟಿನದು. ನೀತಿ ಸಮಿತಿಗೆ ನಾನು ಬರೆದು ಕೊಟ್ಟದ್ದು ಒಂದು ದಿನದ ಕೂಲಿಯಷ್ಟು ಪರಿಹಾರ. ಮೂರು ಪಟ್ಟು ಕೊಡೋಣ ಎಂಬ ಆಸೆಯಿತ್ತು, ಕೊಡುವಂತಿಲ್ಲ. ಹಣ ಹೆಚ್ಚಾದರೆ ಅದು ಆಮಿಷ, ಬಡವರು ಇಷ್ಟವಿಲ್ಲದಿದ್ದರೂ ಒಪ್ಪಿಬಿಡುತ್ತಾರೆ ಎಂಬುದು ತರ್ಕ. ಈ ತರ್ಕ ಹುಟ್ಟಿದ್ದು ಔಷಧ ಪ್ರಯೋಗಗಳ ಕೆಟ್ಟ ಚರಿತ್ರೆಯಿಂದ, ಅದನ್ನು ನಾನು ಹಗುರ ಮಾಡುವುದಿಲ್ಲ. ಅಪಾಯಕ್ಕೆ ಒಡ್ಡುವಾಗ ಅದು ಸರಿ. ಆದರೆ ನನ್ನ ಪ್ರಯೋಗದಲ್ಲಿ ಅಪಾಯವೇನೂ ಇರಲಿಲ್ಲ, ಅವರು ದಿನವೂ ಮಾಡುವ ಕೆಲಸವನ್ನೇ ಮಾಡಿದರು. ಇಲ್ಲಿ ಆ ನಿಯಮ ಬಡವರನ್ನು ಆಮಿಷದಿಂದ ಕಾಪಾಡುವ ಹೆಸರಿನಲ್ಲಿ ಅವರ ಕೂಲಿಯನ್ನು ಕಾಪಾಡಿತು, ಅಂದರೆ ಏರದಂತೆ ಕಾಪಾಡಿತು. ನನಗೆ ಅದೇ ಚಲನೆಯಿಂದ ಎರಡು ಪ್ರಬಂಧ, ಒಂದು ವಿಮಾನದ ಟಿಕೆಟು, ಇನ್ನೇನು ಒಂದು ಪದವಿ. ನನ್ನ ಮಟ್ಟಿಗೆ ಆಮಿಷದ ಮಾತು ಯಾರೂ ಎತ್ತಲಿಲ್ಲ.

ಇದು ನನ್ನೊಬ್ಬಳ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2025ರಲ್ಲಿ ತಮಿಳುನಾಡಿನ ಕರೂರಿನಿಂದ ಒಂದು ಸುದ್ದಿ ಬಂತು. ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ದಿನವಿಡೀ ಟವೆಲು ಮಡಿಸುವುದು ಅಲ್ಲಿನ ಯುವಕರ ಉದ್ಯೋಗ. ಮಡಿಸಿದ ಟವೆಲು ಯಾರಿಗೂ ಬೇಡ. ಮಡಿಸಿದ ವಿಡಿಯೋ ಬೇಕು, ದೂರದ ರೋಬೋಟಿಗೆ ಅದರಿಂದ ಮಡಿಸಲು ಕಲಿಸಬೇಕು. ಕರೂರು ಮೊದಲೇ ಜವಳಿ ಊರು, ಟವೆಲು ಅಲ್ಲಿ ಹೊಸತಲ್ಲ. ಟವೆಲಿನ ಕಡೆಯಿಂದ ಕೈಯ ಕಡೆಗೆ ಬೆಲೆ ಸರಿದದ್ದು ಹೊಸತು. ಕೆಲಸದ ಫಲಕ್ಕೆ ಕೂಲಿ ಕೊಡುತ್ತಿದ್ದ ಕಾಲ ಹೋಗಿ ಕೆಲಸದ ರೀತಿಗೇ ಕೂಲಿ ಕೊಡುವ ಕಾಲ ಬಂತು. ಫಲವಾದರೆ ಪ್ರತಿದಿನ ಹೊಸದಾಗಿ ಬೇಕು. ರೀತಿ ಒಮ್ಮೆ ಸಿಕ್ಕರೆ ಸಾಕು.

ಹಾಗಾದರೆ ಇಂಥ ದೇಹಗಳನ್ನು ದಾಖಲಿಸುವುದೇ ಬೇಡವೇ? ಇಲ್ಲಿ ನನ್ನ ಜೊತೆಯ ಕೆಲವು ಗೆಳೆಯರಿಗೂ ನನಗೂ ಜಗಳ. 'ನಮ್ಮವರನ್ನು ಬಿಟ್ಟುಬಿಡಿ, ದತ್ತಾಂಶದ ಗಣಿಗಾರಿಕೆ ಬೇಡ' ಎನ್ನುವುದು ಕೇಳಲು ಸೊಗಸು. ಆದರೆ ಬಿಟ್ಟದ್ದರ ಫಲ ಏಳನೆಯವಳ ತೊಡೆಯಲ್ಲಿ ಕಂಡೆವು. ಮಂಡಿ ಬದಲಿಸುವ ಕೃತಕ ಕೀಲುಗಳನ್ನೇ ತೆಗೆದುಕೊಳ್ಳಿ. ಕುರ್ಚಿಯಲ್ಲಿ ಕೂರುವ ಸಮಾಜಗಳಲ್ಲಿ ಬೆಳೆದ ವಿನ್ಯಾಸ ಅದು. ಹಾಕಿಸಿಕೊಂಡವರಿಗೆ ವೈದ್ಯರು ಮೊದಲು ಹೇಳುವುದೇ ಇನ್ನು ಚಕ್ಕಳಮಕ್ಕಳ ಬೇಡ, ಕುಕ್ಕರುಗಾಲು ಬೇಡ ಎಂದು. ನಮ್ಮಜ್ಜಿಗೆ ಹಾಗೆ ಹೇಳಿದಾಗ ಅವರು "ಹಂಗಾದ್ರೆ ಎಲ್ಲಿ ಕೂತ್ಕೊಳ್ಳಿ?" ಎಂದಿದ್ದರು. ಬಗ್ಗುವ ಬೆನ್ನಿನ ಮಾದರಿ ಇಲ್ಲದಿದ್ದರೆ ಬಗ್ಗುವ ಬೆನ್ನಿಗೆ ಆಸರೆಯಾಗುವ ಉಪಕರಣವೂ ಹುಟ್ಟುವುದಿಲ್ಲ. ಲೆಕ್ಕಕ್ಕೆ ಸೇರದವರಿಗೆ ಒಂದು ನಷ್ಟ, ಸೇರಿದವರಿಗೆ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆ ಎಂದು ನನ್ನನ್ನು ಕೇಳಿದರೆ, ಸೇರುವುದೇ ಎಂದು ಈಗಲೂ ಹೇಳುತ್ತೇನೆ. ಆದರೆ ಆ ಮಾತು ಹೇಳಬೇಕಾದವಳು ನಾನಲ್ಲ. ಆದ್ದರಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಮತ್ತೆ ಊರಿಗೆ ಹೋದೆ.

ಸಂಜೆ ನಮ್ಮಜ್ಜಿಯ ಮನೆಯ ಜಗಲಿಯ ಮೇಲೆ ಒಂಬತ್ತು ಜನ ಸೇರಿದರು. ಇಬ್ಬರು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದರು. ಕಡ್ಡಿಗಳ ಆಕೃತಿಯನ್ನು ಓಡಿಸಿದೆ. ಒಪ್ಪಿಗೆ ಪತ್ರದಲ್ಲಿ ನಾನು ಕೊಟ್ಟ ಮೊದಲ ಭರವಸೆ, ಗುರುತು ಯಾರಿಗೂ ತಿಳಿಯುವುದಿಲ್ಲ ಎಂಬುದು. ಮುಖವಿಲ್ಲ, ಧ್ವನಿಯಿಲ್ಲ, ಹೆಸರಿನ ಜಾಗದಲ್ಲಿ ಅಂಕಿ. ಮೊದಲನೆಯದು ಓಡಿ ಹತ್ತು ಸೆಕೆಂಡು ಆಗಿರಲಿಲ್ಲ, ಮೂವರು ಒಟ್ಟಿಗೆ ಒಂದು ಹೆಸರು ಕೂಗಿದರು. ಎರಡನೆಯದಕ್ಕೆ ಇನ್ನೂ ಬೇಗ. ಹನ್ನೊಂದರಲ್ಲಿ ಒಂಬತ್ತನ್ನು ತಪ್ಪಿಲ್ಲದೆ ಹೇಳಿದರು. ನಾನು ಪೆಚ್ಚಾಗಬಾರದಿತ್ತು. ಸ್ವೀಡನ್ನಿನ ಯೋಹಾನ್ಸನ್ 1973ರಲ್ಲೇ ತೋರಿಸಿದ್ದ: ಕತ್ತಲಲ್ಲಿ ಕೀಲುಗಳಿಗೆ ಅಂಟಿಸಿದ ಹತ್ತು ಹನ್ನೆರಡು ಬೆಳಕಿನ ಚುಕ್ಕೆಗಳು ಚಲಿಸಿದರೆ ಸಾಕು, ನೋಡುವವರಿಗೆ ಮನುಷ್ಯ ಕಾಣುತ್ತಾನೆ. 1977ರಲ್ಲಿ ಕಟಿಂಗ್ ಮತ್ತು ಕೊಝ್ಲೋವ್‌ಸ್ಕಿ ಅಂಥ ಚುಕ್ಕೆಗಳಲ್ಲೇ ಜನ ತಮ್ಮ ಗೆಳೆಯರನ್ನು ಗುರುತಿಸಬಲ್ಲರು ಎಂದು ತೋರಿಸಿದರು. ಇವೆರಡನ್ನೂ ನಾನೇ ನನ್ನ ಪ್ರಬಂಧದಲ್ಲಿ ಉಲ್ಲೇಖಿಸಿದ್ದೇನೆ. ಉಲ್ಲೇಖಿಸಿ, ಮುಂದಿನ ಪುಟದಲ್ಲೇ ಗುರುತು ಗೋಪ್ಯವಾಗಿದೆ ಎಂದು ಬರೆದಿದ್ದೇನೆ. ಗುರುತಿಸಬಲ್ಲವರು ಯಾರೂ ನನ್ನ ಪ್ರಬಂಧ ಓದುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಗೋಪ್ಯತೆ ನಿಂತಿತ್ತು.

ಏಳನೆಯವಳ ಸರದಿ ಬಂತು. ತನ್ನನ್ನು ತಾನೇ ಗುರುತಿಸಲಿಲ್ಲ, ಉಳಿದವರು ಹೇಳಿದರು. ಕಣ್ಣು ಕಿರಿದು ಮಾಡಿ ನೋಡಿದಳು.

"ನಾನು ಮಧ್ಯ ಮಧ್ಯ ನಿಂತ್ಕತಿದ್ನಲ್ಲ?"

ಹೌದು, ನಿಲ್ಲುತ್ತಿದ್ದಳು. ಕೆಲವು ನಿಮಿಷಕ್ಕೊಮ್ಮೆ ಎದ್ದು, ಸೊಂಟದ ಮೇಲೆ ಕೈಯಿಟ್ಟು ಬದುವಿನ ಕಡೆ ನೋಡುತ್ತಿದ್ದಳು. ಹುಣಸೇಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಅವಳ ಮೊಮ್ಮಗು ಮಲಗಿತ್ತು. ಎರಡು ಸೆಕೆಂಡಿಗಿಂತ ಹೆಚ್ಚು ನಿಂತ ಭಾಗಗಳನ್ನೆಲ್ಲ 'ಕೆಲಸವಲ್ಲದ್ದು' ಎಂದು ಗುರುತಿಸಿ ತೆಗೆದುಹಾಕುವ ನಾಲ್ಕು ಸಾಲಿನ ಕ್ರಮವಿಧಿಯೊಂದನ್ನು ನಾನು ಬರೆದಿದ್ದೆ. ಚಲನೆ ನಯವಾಗಿ ಒಂದಕ್ಕೊಂದು ಕೂಡಿಕೊಳ್ಳಲಿ ಎಂದು. ಪರದೆಯ ಮೇಲಿನವಳು ಹದಿನೆಂಟು ನಿಮಿಷ ತಲೆ ಎತ್ತದೆ ಕೀಳುತ್ತಿದ್ದಳು.

"ತೆಗೆದಿದ್ದೀನಿ" ಎಂದೆ.

"ಯಾಕೆ?"

ಹೇಳಿದೆ. ಎಲ್ಲರೂ ಒಂದು ಗಳಿಗೆ ಸುಮ್ಮನಿದ್ದರು. ನಾಲ್ಕನೆಯವಳು, ಅವರಲ್ಲಿ ಬಾಯಿ ಜೋರಿನವಳು, ಪರದೆಯ ಕಡೆ ಕೈ ತೋರಿಸಿ, "ಇವಳನ್ನ ಮೇಸ್ತ್ರಿಗೆ ತೋರಿಸ್ಬೇಡ ಕಣವ್ವ. ನಮಗೂ ಹಿಂಗೇ ಕೀಳ್ರಿ ಅಂತಾನೆ" ಎಂದಳು. ಜಗಲಿ ನಗೆಯಲ್ಲಿ ಮುಳುಗಿತು. ಏಳನೆಯವಳು ಮಾತ್ರ ಇನ್ನೂ ಪರದೆ ನೋಡುತ್ತಿದ್ದಳು. "ಮಗ ಅತ್ತಿದ್ರೆ?" ಎಂದಳು, ನನಗೋ ಆ ಕಡ್ಡಿಗಳಿಗೋ ತಿಳಿಯಲಿಲ್ಲ.

ಇಬ್ಬರು ತಮ್ಮದನ್ನು ತೆಗೆದುಬಿಡು ಎಂದರು. ಕಾರಣ ಕೇಳಲಿಲ್ಲ, ಕೇಳುವಂತಿಲ್ಲ, ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂದು ಪತ್ರದಲ್ಲೇ ಇದೆ. ಅಲ್ಲೇ ಕೂತು ಅವರ ಕಣ್ಣೆದುರು ಕಡತಗಳನ್ನು ಅಳಿಸಿದೆ. ಆದರೆ ಆ ಕಡತಗಳಿಂದ ಕಲಿತ ಜಾಲವೊಂದು ಜಪಾನಿನ ಆ ಪ್ರಯೋಗಾಲಯದಲ್ಲಿದೆ, ಹನ್ನೊಂದು ಜನರ ಬಾಗುವಿಕೆ ಅದರ ಲಕ್ಷಾಂತರ ಅಂಕಿಗಳಲ್ಲಿ ಕಲೆಸಿಹೋಗಿದೆ. ಹಾಲಿಗೆ ಹಾಕಿದ ಸಕ್ಕರೆಯಲ್ಲಿ ಎರಡು ಚಮಚ ವಾಪಸ್ ಕೊಡು ಎಂದಂತೆ. ಮೊದಲಿಂದ ಮತ್ತೆ ಕಲಿಸಬೇಕು. ಹಾಗೆ ಮಾಡಿ ಎಂದು ಅವರಿಗೆ ಬರೆದಿದ್ದೇನೆ, ಮಾರ್ಗದರ್ಶಕರಿಗೂ ಹೇಳಿದ್ದೇನೆ, ನನ್ನ ಒಂದು ಅಧ್ಯಾಯ ಆರು ತಿಂಗಳು ಹಿಂದಕ್ಕೆ ಹೋಗುತ್ತದೆ. ನಿಂತ ಭಾಗಗಳನ್ನು ವಾಪಸ್ ಸೇರಿಸಿದ್ದೇನೆ. ಸೇರಿಸಿದ ಮೇಲೆ ಸೊಂಟದ ಮೇಲಿನ ಹೊರೆಯ ಲೆಕ್ಕವೂ ಬದಲಾಯಿತು, ಬಾಗಿದ ಬೆನ್ನಿಗೆ ಆ ಎದ್ದು ನಿಲ್ಲುವಿಕೆಯೂ ಕೆಲಸವೇ. ಹೆಸರು ಹಾಕಲೇ ಎಂದು ಏಳನೆಯವಳನ್ನು ಕೇಳಿದ್ದಕ್ಕೆ ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದಾಳೆ. ಅದಕ್ಕೇ ಇಲ್ಲಿಯೂ ಅವಳು ಏಳನೆಯವಳೇ.

ಏಳುವ ಹೊತ್ತಿಗೆ ನಾಲ್ಕನೆಯವಳು ಸೆರಗು ಕೊಡವುತ್ತಾ, "ಇವತ್ತು ಕೂತು ನೋಡಿದ್ದಕ್ಕೆ ಎಷ್ಟು ಕೊಡ್ತೀಯ?" ಎಂದಳು. ತಮಾಷೆಯೋ ಎಂದು ಮುಖ ನೋಡಿದೆ. ಅಲ್ಲ. ಒಂಬತ್ತು ಜನಕ್ಕೆ ಅರ್ಧ ದಿನದ ಕೂಲಿ ಲೆಕ್ಕ ಹಾಕಿ ಕೊಟ್ಟೆ. ಅವಳು ಎಣಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿದಳು. ಯೋಜನೆಯ ಲೆಕ್ಕಪತ್ರದಲ್ಲಿ ಅದನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂದು ಕಚೇರಿಯವರು ಎರಡು ಸಲ ಫೋನು ಮಾಡಿದ್ದಾರೆ.